ಸಂಘದ ಲೆಕ್ಕಕ್ಕೆ ಯಾವ ಡಾಟಾಬೇಸು? ಮಣೂಕದ ನಾಡಿನಲ್ಲಿ ಕಲಿತ ಪಾಠ

ಸಂಘದ ಲೆಕ್ಕಪತ್ರಗಳಿಗೆ ಹೊಸ ಗಣಕಯಂತ್ರ ವ್ಯವಸ್ಥೆಯನ್ನು ಅಳವಡಿಸುವ ವಿಚಾರವು ಆಡಳಿತ ಮಂಡಳಿಯ ಮುಂದಿರುವುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಈ ಸಂಬಂಧ ಎರಡು ಬಗೆಯ ಪ್ರಶ್ನೆಗಳು ನಮಗೆ ಬಂದಿವೆ. "ಪುಕ್ಕಟೆ ಸಿಗುವ ತಂತ್ರಾಂಶ ಇರುವಾಗ ಲಕ್ಷಗಟ್ಟಲೆ ತೆತ್ತು ಕೊಳ್ಳುವುದೇಕೆ?" ಎಂಬುದು ಒಂದು. "ಪುಕ್ಕಟೆ ಕೊಟ್ಟವರು ನಾಳೆ ಕೈಬಿಟ್ಟರೆ ನಮ್ಮ ಅಡಿಕೆ, ಕಾಫಿ, ಸಾಲದ ಲೆಕ್ಕಕ್ಕೆ ಹೊಣೆ ಯಾರು?" ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಗೋದಾಮಿನಲ್ಲಿರುವ ಮೂಟೆ ಯಾರದು, ಅದರ ಮೇಲೆ ಎಷ್ಟು ಮುಂಗಡ ಹೋಗಿದೆ ಎಂಬ ಎರಡು ಸಾಲಿನ ಮೇಲೆ ಒಬ್ಬ ಸಣ್ಣ ಬೆಳೆಗಾರನ ಒಂದು ವರ್ಷದ ದುಡಿಮೆ ನಿಂತಿರುತ್ತದೆ. ಆ ಎರಡು ಸಾಲು ಕಳೆದುಹೋದರೆ ಏನಾಗುತ್ತದೆಂಬುದನ್ನು ನೋಡಿ ಬಂದ ಮೇಲೆ ಈ ಲೇಖನವನ್ನು ಬರೆಯುತ್ತಿದ್ದೇವೆ.

ವಿಜಯಪುರಕ್ಕೆ ಏಕೆ ಹೋದೆವು?

ಮಲೆನಾಡಿನ ಅಡಿಕೆ-ಕಾಫಿ ಬೆಳೆಗಾರರಿಗೂ ವಿಜಯಪುರದ ಬಯಲುಸೀಮೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಇರುವುದು ಲೆಕ್ಕದಲ್ಲಿ. ವಿಜಯಪುರ ನಗರದಿಂದ ಅಥಣಿ ರಸ್ತೆಯಲ್ಲಿ ಸಾಗಿದರೆ ತಿಕೋಟಾ. ಜಮಖಂಡಿ ರಸ್ತೆಯಲ್ಲಿ ಸಾಗಿದರೆ ಬಬಲೇಶ್ವರ. ಎರಡೂ ಕಡೆ ದ್ರಾಕ್ಷಿ ತೋಟಗಳು. ಅಲ್ಲಿಯ ಬೆಳೆಗಾರರಲ್ಲಿ ಬಹುಮಂದಿ ದ್ರಾಕ್ಷಿಯನ್ನು ಹಸಿಯಾಗಿ ಮಾರದೆ, ನೆರಳಿನ ಶೆಡ್ಡುಗಳಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡಿ ಎರಡು ಮೂರು ವಾರ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಅವರ ಮಾತಿನಲ್ಲಿ ಅದು ಮಣೂಕ. ಸುಮಾರು 4 ಕಿಲೋ ಹಸಿ ಹಣ್ಣಿಗೆ 1 ಕಿಲೋ ಮಣೂಕ ಸಿಗುತ್ತದೆ. ಬಣ್ಣ ಕೆಡದಂತೆ ಅದನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ದರ ನೋಡಿ ವಿಜಯಪುರದಲ್ಲೋ ಗಡಿಯಾಚೆಯ ಸಾಂಗ್ಲಿ, ತಾಸಗಾಂವ ಪೇಟೆಗಳಲ್ಲೋ ಮಾರುತ್ತಾರೆ.

ನಮ್ಮ ಅಡಿಕೆಯ ಕಥೆಯೂ ಇದೇ ಅಲ್ಲವೇ? ಒಣಗಿಸುವುದು, ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂದು ವಿಂಗಡಿಸುವುದು, ಗೋದಾಮಿನಲ್ಲಿಡುವುದು, ಸರಕಿನ ಮೇಲೆ ಮುಂಗಡ ಪಡೆಯುವುದು, ದರ ಬಂದಾಗ ಮಾರುವುದು. ಕಾಫಿಯಲ್ಲಿ ಪಾರ್ಚ್‌ಮೆಂಟು, ಚೆರ್ರಿ ಎಂಬ ಭೇದ ಸೇರಿಕೊಳ್ಳುತ್ತದೆ, ಅಷ್ಟೆ. ಆದುದರಿಂದ ನಮ್ಮಂತಹುದೇ ಲೆಕ್ಕವನ್ನು ಬೇರೆಯವರು ಹೇಗೆ ಇಟ್ಟಿದ್ದಾರೆಂದು ನೋಡಲು ನಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿದ್ದೆವು.

ತಿಕೋಟಾ ಭಾಗದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೇಳಿದ ಸಂಗತಿ ನಮ್ಮ ಕಣ್ಣು ತೆರೆಸಿತು. ಕೆಲವು ವರ್ಷಗಳ ಹಿಂದೆ ಅವರು ಪರ ಊರಿನ ಒಬ್ಬರಿಂದ ದಾಸ್ತಾನಿನ ಲೆಕ್ಕಕ್ಕೆ ಒಂದು ಕಾರ್ಯಕ್ರಮವನ್ನು ಬರೆಸಿದ್ದರು. ಮೂರು ಹಂಗಾಮು ಚೆನ್ನಾಗಿ ನಡೆಯಿತು. ನಾಲ್ಕನೆಯ ಹಂಗಾಮಿನಲ್ಲಿ ಯಂತ್ರ ಕೆಟ್ಟಿತು. ಹೊಸ ಯಂತ್ರ ತಂದರು. ಹಳೆಯ ಯಂತ್ರದ ಡಿಸ್ಕಿನಿಂದ ಕಡತಗಳೂ ಸಿಕ್ಕವು. ಆದರೆ ಕಾರ್ಯಕ್ರಮ ತೆರೆಯಲಿಲ್ಲ. ಅದನ್ನು ಹಳೆಯ ಯಂತ್ರಕ್ಕೇ ಬೀಗ ಹಾಕಿ ಕಟ್ಟಲಾಗಿತ್ತು. ಕಡತಗಳ ಗುಪ್ತಪದ ಬರೆದವರ ಬಳಿ ಮಾತ್ರ ಇತ್ತು. ಅವರು ಆ ಕೆಲಸ ಬಿಟ್ಟು ಬೇರೆಲ್ಲಿಗೋ ಹೋಗಿದ್ದರು.

"ಸಾಹೇಬ್ರ, ಮಷಿನ್ ಕೆಟ್ಟಿದ್ದಕ್ಕ ತ್ರಾಸ ಆಗ್ಲಿಲ್ರೀ, ಮನುಷ್ಯಾ ಸಿಗಲಿಲ್ಲ, ಅದ ತ್ರಾಸ ಆತು," ಎಂದರು ಅಲ್ಲಿಯ ಗುಮಾಸ್ತರು. ಊರೂರಿಗೆ ಹೇಳಿಕಳಿಸಿ ಬೆಳೆಗಾರರ ಮನೆಯಲ್ಲಿದ್ದ ಪಾವತಿಗಳನ್ನು ತರಿಸಿ, ಒಂದೊಂದು ಲಾಟನ್ನೂ ಕೈಯಿಂದ ಎಣಿಸಿ ಲೆಕ್ಕ ಕಟ್ಟಬೇಕಾಯಿತು. ಪಾವತಿ ಕಳೆದುಕೊಂಡವರ ಗತಿ? ಬಬಲೇಶ್ವರದ ಒಬ್ಬ ಹಿರಿಯ ಬೆಳೆಗಾರರು ನಗುತ್ತಲೇ ಹೇಳಿದರು: "ಮಣೂಕ ಎಷ್ಟ್ ಇಟ್ಟೀನಿ ಅಂತ ನನಗ ಗೊತ್ತೈತ್ರೀ. ಆದ್ರ ಆ ಪೆಟಗಿ ಹೇಳವಲ್ದು." ಅವರ ಹಣ ಕೊನೆಗೆ ಬಂದಿತು, ಆದರೆ ದರ ಇಳಿದ ಮೇಲೆ ಬಂದಿತು.

ಈ ಸಂಗತಿಯಲ್ಲಿ ನಾವು ನಿರೀಕ್ಷಿಸದ ಒಂದು ಅಂಶವಿತ್ತು. ಆ ಕಾರ್ಯಕ್ರಮದ ಒಳಗೆ ಇದ್ದ ಡಾಟಾಬೇಸು ದುಬಾರಿಯ ಕಂಪನಿ ಮಾಲಲ್ಲ, ಪುಕ್ಕಟೆಯ ಮುಕ್ತ ತಂತ್ರಾಂಶವೇ. ಆದರೂ ಲೆಕ್ಕ ಬೀಗದೊಳಗೇ ಉಳಿಯಿತು. ಆದುದರಿಂದ ಮುಕ್ತ ಮತ್ತು ವಾಣಿಜ್ಯ ಎಂಬ ಎರಡು ಬಗೆಗಳನ್ನು ತೂಗುವ ಮೊದಲು ಡಾಟಾಬೇಸು ಎಂದರೇನು, ಬೀಗ ಬೀಳುವುದು ಎಲ್ಲಿ ಎಂಬುದನ್ನು ತಿಳಿಯುವುದು ಅಗತ್ಯ.

ಕಿರ್ದಿ, ಖಾತೆ ಮತ್ತು ಡಾಟಾಬೇಸು

ಸರ್ಕಾರಿ ಬರಹದಲ್ಲಿ ಇದನ್ನು ದತ್ತಸಂಚಯವೆನ್ನುತ್ತಾರೆ. ಬಳಕೆಯಲ್ಲಿ ಡಾಟಾಬೇಸು ಎಂಬ ಮಾತೇ ನಿಂತಿದೆ. ಹಳೆಯ ಲೆಕ್ಕದ ಪದ್ಧತಿಯನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ದಿನದ ವ್ಯವಹಾರವನ್ನು ಮೊದಲು ಕಿರ್ದಿಗೆ ಬರೆದು, ಅನಂತರ ಆಯಾ ಸದಸ್ಯರ ಖಾತೆಗೆ ಎತ್ತಿ ಬರೆಯುತ್ತಿದ್ದೆವು. ಖಾತೆ ಪುಸ್ತಕ ಹಾಳಾದರೂ ಕಿರ್ದಿಯಿಂದ ಅದನ್ನು ಮತ್ತೆ ಕಟ್ಟಬಹುದಿತ್ತು. ಒಳ್ಳೆಯ ಡಾಟಾಬೇಸು ಮಾಡುವುದೂ ಇದನ್ನೇ. ಪ್ರತಿ ಬದಲಾವಣೆಯನ್ನು ಮೊದಲು ಒಂದು ದಿನಚರಿ ಕಡತಕ್ಕೆ ಬರೆದು, ಆಮೇಲೆ ಕೋಷ್ಟಕಗಳಿಗೆ ಸೇರಿಸುತ್ತದೆ. ನಡುವೆ ವಿದ್ಯುತ್ ಹೋದರೆ, ಮರಳಿ ಬಂದ ಕೂಡಲೇ ಆ ದಿನಚರಿಯನ್ನು ನೋಡಿ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ.

ಇನ್ನೊಂದು ಗುಣವಿದೆ. ಒಬ್ಬ ಸದಸ್ಯರು 10 ಮೂಟೆ ಅಡಿಕೆ ಒಪ್ಪಿಸಿ ಮುಂಗಡ ಪಡೆದರೆನ್ನೋಣ. ದಾಸ್ತಾನಿಗೆ 10 ಮೂಟೆ ಜಮಾ ಆಗಬೇಕು, ಅವರ ಹೆಸರಿಗೆ ಮುಂಗಡ ಖರ್ಚು ಬೀಳಬೇಕು. ಎರಡೂ ಆಗಬೇಕು ಇಲ್ಲವೇ ಎರಡೂ ಆಗಬಾರದು. ಮಳೆಗಾಲದಲ್ಲಿ ಗಳಿಗೆಗೊಮ್ಮೆ ವಿದ್ಯುತ್ ಹೋಗುವ ನಮ್ಮ ಊರುಗಳಲ್ಲಿ ಈ ಗುಣ ಇಲ್ಲದ ಲೆಕ್ಕ ಅಪಾಯ. ಬರಿಯ ಎಕ್ಸೆಲ್ ಹಾಳೆಯಲ್ಲಿ ಇದು ಸಿಗುವುದಿಲ್ಲ. ಮೂವರು ಗುಮಾಸ್ತರು ಏಕಕಾಲಕ್ಕೆ ಬರೆದರೂ ಒಬ್ಬರ ಬರಹ ಇನ್ನೊಬ್ಬರದನ್ನು ಅಳಿಸದಂತೆ ಕಾಯುವುದೂ ಡಾಟಾಬೇಸಿನ ಕೆಲಸವೇ.

ಇಲ್ಲಿ ಎರಡು ಪದರಗಳಿವೆ ಎಂಬುದನ್ನು ಗಮನಿಸಬೇಕು. ಕೆಳಗಿರುವುದು ಡಾಟಾಬೇಸು, ಅಂದರೆ ಲೆಕ್ಕ ಕೂಡಿಡುವ ಕಣಜ. ಮೇಲಿರುವುದು ಗುಮಾಸ್ತರು ನೋಡುವ ಕಾರ್ಯಕ್ರಮ, ಅಂದರೆ ಕಣಜದ ಬಾಗಿಲು. ತಿಕೋಟಾ ಭಾಗದಲ್ಲಿ ಕಣಜ ಮುಕ್ತವಾಗಿತ್ತು, ಬಾಗಿಲಿಗೆ ಬೀಗವಿತ್ತು.

ಎರಡು ಬಗೆಗಳು ಬಂದ ದಾರಿ

ಕೋಷ್ಟಕಗಳಲ್ಲಿ ಲೆಕ್ಕವಿಟ್ಟು ಅವುಗಳ ನಡುವೆ ಸಂಬಂಧ ಕಲ್ಪಿಸುವ ಈಗಿನ ಪದ್ಧತಿಗೆ ತಳಹದಿ ಹಾಕಿದವರು ಐಬಿಎಂ ಸಂಸ್ಥೆಯ ಇ.ಎಫ್. ಕಾಡ್, ಅವರ ಪ್ರಬಂಧ ಬಂದದ್ದು 1970ರಲ್ಲಿ. ಅದನ್ನು ವ್ಯಾಪಾರದ ಮಾಲಾಗಿಸಿದವರಲ್ಲಿ ಮೊದಲಿಗರು 1977ರಲ್ಲಿ ಆರಂಭವಾದ, ಇಂದು ಒರೇಕಲ್ ಎಂದು ಕರೆಯಲಾಗುವ ಕಂಪನಿಯವರು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ವಾಣಿಜ್ಯ ವರ್ಗದ ಇನ್ನೊಂದು ದೊಡ್ಡ ಹೆಸರು. ಇವುಗಳನ್ನು ಕೊಳ್ಳುವುದೆಂದರೆ ಬಳಸುವ ಪರವಾನಗಿಯನ್ನು ಕೊಳ್ಳುವುದು. ಒಳಗಿನ ಬರಹ ಕಂಪನಿಯ ಸ್ವತ್ತಾಗಿಯೇ ಉಳಿಯುತ್ತದೆ.

ಮುಕ್ತ ವರ್ಗದಲ್ಲಿ ಪೋಸ್ಟ್‌ಗ್ರೆಸ್ ಎಂಬುದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರಿಂದ ಆರಂಭವಾಗಿ, 1996ರಿಂದ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಹೆಸರಿನಲ್ಲಿ ಸ್ವಯಂಸೇವಕರ ಹಾಗೂ ಹಲವು ಕಂಪನಿಗಳ ಕೂಡು ದುಡಿಮೆಯಿಂದ ಬೆಳೆಯುತ್ತಿದೆ. ಇದಕ್ಕೆ ಒಬ್ಬ ಯಜಮಾನನಿಲ್ಲ. ಸಹಕಾರಿಗಳಾದ ನಮಗೆ ಈ ರೀತಿ ಹೊಸದೇನಲ್ಲ. ಮೈಎಸ್‌ಕ್ಯೂಎಲ್ 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಅದನ್ನು 2008ರಲ್ಲಿ ಸನ್ ಕಂಪನಿ ಕೊಂಡಿತು. 2010ರಲ್ಲಿ ಸನ್ ಕಂಪನಿಯನ್ನೇ ಒರೇಕಲ್ ಕೊಂಡಿತು. ಯಜಮಾನ ಬದಲಾಗುವುದನ್ನು ಕಂಡು ಮೈಎಸ್‌ಕ್ಯೂಎಲ್‌ನ ಮೂಲ ಕರ್ತೃಗಳಲ್ಲಿ ಒಬ್ಬರಾದ ಮೈಕೇಲ್ ವಿಡೇನಿಯಸ್ ಅದೇ ಬರಹದಿಂದ ಮರಿಯಾಡಿಬಿ ಎಂಬ ಕವಲನ್ನು 2009ರಲ್ಲಿ ತೆಗೆದರು. ಮುಕ್ತ ಪರವಾನಗಿಯ ಬಲ ಇಲ್ಲಿದೆ: ಮಾಲೀಕರು ದಾರಿ ಬದಲಿಸಿದರೆ ಉಳಿದವರು ಹಳೆಯ ಬೇರಿನಿಂದಲೇ ಹೊಸ ಗಿಡ ಎಬ್ಬಿಸಬಹುದು.

ಹಾಗೆಂದು ಮುಕ್ತ ಎಂಬ ಹೆಸರು ಎಂದೆಂದಿಗೂ ಉಳಿಯುತ್ತದೆಂಬ ಭರವಸೆ ಬೇಡ. ಮಾಂಗೋಡಿಬಿ ಎಂಬ ಹೆಸರಾಂತ ಡಾಟಾಬೇಸಿನ ಕಂಪನಿ 2018ರಲ್ಲಿ ತನ್ನ ಪರವಾನಗಿಯ ಷರತ್ತುಗಳನ್ನು ಬಿಗಿ ಮಾಡಿತು. ಒಂದೇ ಕಂಪನಿಯ ಕೈಯಲ್ಲಿರುವ ಮುಕ್ತ ತಂತ್ರಾಂಶಕ್ಕೂ ಹಲವರ ಕೈಯಲ್ಲಿರುವುದಕ್ಕೂ ಈ ವ್ಯತ್ಯಾಸವಿದೆ.

ಖರ್ಚಿನ ಲೆಕ್ಕ

ಒರೇಕಲ್‌ನ ಉನ್ನತ ಆವೃತ್ತಿಯ ಪ್ರಕಟಿತ ದರಪಟ್ಟಿಯಲ್ಲಿ ಒಂದು ಪ್ರೊಸೆಸರ್ ಪರವಾನಗಿಗೆ 47,500 ಡಾಲರ್, ಅಂದರೆ 40 ಲಕ್ಷ ರೂಪಾಯಿಗೂ ಹೆಚ್ಚು. ಅದರ ಮೇಲೆ ವರ್ಷವರ್ಷವೂ ಶೇಕಡ 22ರಷ್ಟು ನಿರ್ವಹಣಾ ಶುಲ್ಕ. ಇದು ದೊಡ್ಡ ಬ್ಯಾಂಕುಗಳ ಮಾಲು. ನಮ್ಮಂತಹ ಸಂಘಕ್ಕೆ ಇದನ್ನು ಯಾರೂ ಸೂಚಿಸಲಾರರು. ಆದರೆ ವಾಣಿಜ್ಯ ಕಂಪನಿಗಳೂ ಸಣ್ಣ ಆವೃತ್ತಿಗಳನ್ನು ಪುಕ್ಕಟೆ ಕೊಡುತ್ತವೆ. ಅಲ್ಲಿ ಎಚ್ಚರ ಬೇಕು. ಎಸ್‌ಕ್ಯೂಎಲ್ ಸರ್ವರಿನ ಪುಕ್ಕಟೆ ಆವೃತ್ತಿಯಾದ ಎಕ್ಸ್‌ಪ್ರೆಸ್‌ನಲ್ಲಿ, 2022ರ ಆವೃತ್ತಿಯ ಪ್ರಕಾರ, ಒಂದು ಡಾಟಾಬೇಸಿಗೆ 10 ಜಿ.ಬಿ. ಮಿತಿ. ಒರೇಕಲ್‌ನ ಪುಕ್ಕಟೆ ಆವೃತ್ತಿಯಲ್ಲಿ ಬಳಕೆದಾರರ ಮಾಹಿತಿಗೆ 12 ಜಿ.ಬಿ. ಮಿತಿ. ಮಿತಿ ತುಂಬಿದ ದಿನ ಹೊಸ ಲೆಕ್ಕ ಒಳಗೆ ಹೋಗುವುದಿಲ್ಲ. ಆ ದಿನ ಕೊಯ್ಲಿನ ಭರಾಟೆಯಲ್ಲೇ ಬಂದರೆ ಬೇಡವೆಂದರೂ ಪರವಾನಗಿ ಕೊಳ್ಳಲೇಬೇಕಾಗುತ್ತದೆ.

ನಮ್ಮ ಲೆಕ್ಕ ಎಷ್ಟು ದೊಡ್ಡದು? 3,000 ಸದಸ್ಯರು, ಒಬ್ಬೊಬ್ಬರಿಗೆ ವರ್ಷಕ್ಕೆ 40 ನಮೂದು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1 ಲಕ್ಷ 20 ಸಾವಿರ ಸಾಲು, 10 ವರ್ಷಕ್ಕೆ 12 ಲಕ್ಷ ಸಾಲು. ಒಂದು ಸಾಲಿಗೆ 500 ಬೈಟ್ ಹಿಡಿದರೂ ಒಟ್ಟು 1 ಜಿ.ಬಿ. ತುಂಬುವುದಿಲ್ಲ. ಪಹಣಿ, ಫೋಟೋ, ಸಹಿ ಮೊದಲಾದವುಗಳ ಚಿತ್ರಗಳನ್ನು ಡಾಟಾಬೇಸಿನೊಳಗೇ ತುರುಕಿದಾಗ ಮಾತ್ರ ಮಿತಿ ಬೇಗ ತುಂಬುತ್ತದೆ. ಚಿತ್ರಗಳನ್ನು ಹೊರಗಿನ ಕಡತಗಳಲ್ಲಿಟ್ಟು, ಅವುಗಳ ವಿಳಾಸವನ್ನಷ್ಟೇ ಡಾಟಾಬೇಸಿನಲ್ಲಿ ಬರೆಯುವುದು ಲೇಸು.

ಪೋಸ್ಟ್‌ಗ್ರೆಸ್, ಮರಿಯಾಡಿಬಿಗಳಿಗೆ ಪರವಾನಗಿ ಶುಲ್ಕವೂ ಇಲ್ಲ, ಇಂತಹ ಮಿತಿಯೂ ಇಲ್ಲ. ಆದರೆ ಅವು ಖರ್ಚಿಲ್ಲದವು ಎಂದು ಹೇಳಿದರೆ ಸದಸ್ಯರನ್ನು ತಪ್ಪು ದಾರಿಗೆಳೆದಂತೆ. ಅಳವಡಿಸುವವರಿಗೆ, ಗುಮಾಸ್ತರ ತರಬೇತಿಗೆ, ವರ್ಷದ ನಿರ್ವಹಣೆಗೆ, ಪ್ರತಿ ತೆಗೆಯುವ ಸಾಧನಗಳಿಗೆ ಎರಡೂ ಬಗೆಯಲ್ಲಿ ಹಣ ಬೇಕು. ಪರವಾನಗಿಯಲ್ಲಿ ಉಳಿದ ಹಣವನ್ನು ಲಾಭವೆಂದು ತೋರಿಸದೆ ನಿರ್ವಹಣೆಗೆ ಕಟ್ಟಿಡುವ ಸಂಘಕ್ಕೆ ಮಾತ್ರ ಮುಕ್ತ ತಂತ್ರಾಂಶ ಅಗ್ಗ.

ಕೆಲಸದಲ್ಲಿ ಯಾವುದು ಮೇಲು?

ಪುಕ್ಕಟೆಯದು ಸಣ್ಣ ಕೆಲಸಕ್ಕೆ, ದುಡ್ಡಿನದು ದೊಡ್ಡ ಕೆಲಸಕ್ಕೆ ಎಂಬ ನಂಬಿಕೆ ಇಂದು ಉಳಿದಿಲ್ಲ. ನಮ್ಮ ರಾಜ್ಯದಲ್ಲೇ ಎರಡಕ್ಕೂ ಉದಾಹರಣೆಗಳಿವೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ಕಟ್ಟಿಕೊಟ್ಟು, 2001ರ ಸುಮಾರಿಗೆ ರಾಜ್ಯದ ತಾಲ್ಲೂಕುಗಳಲ್ಲೆಲ್ಲ ಜಾರಿಗೆ ಬಂದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಗ ಅದರ ಕೆಳಗಿದ್ದುದು ಮೈಕ್ರೋಸಾಫ್ಟಿನ ವಾಣಿಜ್ಯ ಡಾಟಾಬೇಸು. ಗುಮಾಸ್ತರ ಗುರುತಿಗೆ ಬೆರಳಚ್ಚು, ಪ್ರತಿ ಬದಲಾವಣೆಗೂ ದಾಖಲೆ ಎಂಬ ಶಿಸ್ತಿನಿಂದ ಆ ಕೆಲಸ ನಿಂತಿತು. ಅತ್ತ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಷೇರು ವ್ಯವಹಾರದ ಸಂಸ್ಥೆ ಜೆರೋಧಾ, ಕೋಟ್ಯಂತರ ಗ್ರಾಹಕರ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್ ಬಳಸುತ್ತಿರುವುದನ್ನು ತಾನೇ ಪ್ರಕಟಿಸಿದೆ. 2024ರಲ್ಲಿ ಮುಕ್ತ ತಂತ್ರಾಂಶಗಳ ಪೋಷಣೆಗೆ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನೂ ಅದು ಘೋಷಿಸಿತು. ಅಂತಹ ಹೊರೆ ಹೊರುವ ಎತ್ತಿಗೆ ನಮ್ಮ 12 ಲಕ್ಷ ಸಾಲು ಭಾರವಲ್ಲ.

ವಾಣಿಜ್ಯ ಡಾಟಾಬೇಸುಗಳ ಮೇಲ್ಮೆ ಬೇರೆ ಕಡೆ ಇದೆ. ತೊಂದರೆ ಬಂದಾಗ ಉತ್ತರಿಸಲು ಒಪ್ಪಂದದಿಂದ ಬದ್ಧವಾದ ಒಂದು ಕಂಪನಿ ಇರುತ್ತದೆ. ನಿರ್ವಹಣೆಯ ಉಪಕರಣಗಳು ಸಿದ್ಧವಾಗಿ ಬರುತ್ತವೆ. ಬ್ಯಾಂಕಿನಂತಹ ಕಡೆ ಮೇಲಿನ ಕಾರ್ಯಕ್ರಮವೇ ಇಂತಹ ಡಾಟಾಬೇಸು ಬೇಕೆಂದು ಷರತ್ತು ಹಾಕಿರುತ್ತದೆ. ಆಗ ಆಯ್ಕೆಯ ಪ್ರಶ್ನೆಯೇ ಇಲ್ಲ. ಮುಕ್ತ ಡಾಟಾಬೇಸಿಗೆ ಆಸರೆ ಸಿಗುವುದು ಅದನ್ನು ಬಲ್ಲ ಜನರಿಂದ. ಅಂತಹವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಎಂಬುದನ್ನು ಮೊದಲೇ ವಿಚಾರಿಸಬೇಕು. ಒಬ್ಬರೇ ಇದ್ದರೆ ತಿಕೋಟಾ ಭಾಗದ ಕಥೆಯೇ ಮರುಕಳಿಸೀತು. ಕನಿಷ್ಠ ಇಬ್ಬರು ಬೇರೆ ಬೇರೆ ಜನ ಅದನ್ನು ನೋಡಿಕೊಳ್ಳಬಲ್ಲವರಾಗಿರಬೇಕು.

ದೋಷ ತಿದ್ದುವ ಹೊಸ ಆವೃತ್ತಿಗಳನ್ನು ಹಾಕಿಸುವುದು ಎರಡೂ ಬಗೆಗೆ ಕಡ್ಡಾಯ. 2003ರ ಜನವರಿಯಲ್ಲಿ ಸ್ಲಾಮರ್ ಎಂಬ ದುಷ್ಟ ಕಾರ್ಯಕ್ರಮವು ಜಗತ್ತಿನ ಸಾವಿರಾರು ಎಸ್‌ಕ್ಯೂಎಲ್ ಸರ್ವರುಗಳನ್ನು ಹಿಡಿಯಿತು. ಅದಕ್ಕೆ ಮದ್ದು ಆರು ತಿಂಗಳ ಹಿಂದೆಯೇ ಕಂಪನಿಯಿಂದ ಬಂದಿತ್ತು, ಹಾಕಿಸಿಕೊಂಡಿರಲಿಲ್ಲ ಅಷ್ಟೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಂದು ಮನೆಯಲ್ಲಿಟ್ಟರೆ ಸಾಲದು, ಮಳೆಗೆ ಮೊದಲು ಸಿಂಪಡಿಸಬೇಕು. ಪೋಸ್ಟ್‌ಗ್ರೆಸ್‌ನ ಒಂದೊಂದು ದೊಡ್ಡ ಆವೃತ್ತಿಗೆ 5 ವರ್ಷ ಮಾತ್ರ ಇಂತಹ ತಿದ್ದುಪಡಿ ಸಿಗುತ್ತದೆ. ಆಮೇಲೆ ಹೊಸದಕ್ಕೆ ಏರಲೇಬೇಕು.

ಕನ್ನಡದ ಪ್ರಶ್ನೆ

ನಮ್ಮ ಸದಸ್ಯರ ಹೆಸರು, ಊರು, ಜಮೀನಿನ ವಿವರ ಇರುವುದು ಕನ್ನಡದಲ್ಲಿ. ಹಿಂದೆ ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಿಸಿದ ಹೆಸರುಗಳು ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರಗಳಾಗಿಯೇ ಕುಳಿತಿರುತ್ತವೆ. ಆ ಅಕ್ಷರ ವಿನ್ಯಾಸ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗೀಚು. ಹೊಸ ವ್ಯವಸ್ಥೆ ಯಾವುದೇ ಇರಲಿ, ಹಳೆಯ ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಸದಸ್ಯರ ಪಟ್ಟಿಯೊಡನೆ ತಾಳೆ ನೋಡಿಕೊಡುವುದು ಒಪ್ಪಂದದಲ್ಲಿರಬೇಕು.

ಯೂನಿಕೋಡಿನಲ್ಲೂ ಸೂಕ್ಷ್ಮಗಳಿವೆ. 'ಕೃಷ್ಣಪ್ಪ' ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಅದು 8 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ 24 ಬೈಟು. ಹೆಸರಿಗೆ 20 ಜಾಗ ಸಾಕೆಂದು ಇಂಗ್ಲಿಷಿನ ಲೆಕ್ಕದಲ್ಲಿ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಪೋಸ್ಟ್‌ಗ್ರೆಸ್ ಆ ಜಾಗವನ್ನು ಸಂಕೇತಗಳಲ್ಲಿ ಎಣಿಸುತ್ತದೆ. ಒರೇಕಲ್ ಬೇರೆ ಹೇಳದಿದ್ದರೆ ಬೈಟುಗಳಲ್ಲಿ ಎಣಿಸುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಯೂನಿಕೋಡಿನದಲ್ಲದ ಕಾಲಮಿನಲ್ಲಿ ಕನ್ನಡ ಬರೆದರೆ ಅಕ್ಷರದ ಬದಲು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಮೂಲ ಹೆಸರು ಮರಳಿ ಸಿಗದು. ಇದು ಯಾವುದೋ ಒಂದರ ದೋಷವಲ್ಲ, ಎಲ್ಲದರಲ್ಲೂ ಕನ್ನಡವನ್ನು ಸರಿಯಾಗಿ ಇಡಬಹುದು. ಆದರೆ ಮೊದಲ ದಿನವೇ ಹತ್ತು ಕಷ್ಟದ ಹೆಸರುಗಳನ್ನು ಬರೆಸಿ, ಹುಡುಕಿಸಿ, ಅಚ್ಚು ಹಾಕಿಸಿ ನೋಡಬೇಕು.

ಲೆಕ್ಕ ಹೊರಗೆ ಬರುತ್ತದೆಯೇ?

ಇದೇ ಮುಖ್ಯ ಪ್ರಶ್ನೆ. ವಿಜಯಪುರ ನಗರದಲ್ಲಿ ನಾವು ಕಂಡ ಒಬ್ಬ ಮಣೂಕದ ವ್ಯಾಪಾರಿಯದು ಪೂರ್ತಿ ವಾಣಿಜ್ಯ ತಂತ್ರಾಂಶ. ಅವರ ಯಂತ್ರವೂ ಒಮ್ಮೆ ಕೆಟ್ಟಿತ್ತು. ಆದರೆ ಎರಡನೆಯ ದಿನಕ್ಕೆ ಅಂಗಡಿ ಮೊದಲಿನಂತೆ ನಡೆಯಿತು. "ತಿಂಗಳಾ ಕೊನೀಗೆ ಎಲ್ಲಾ ಲೆಕ್ಕ ಸಾದಾ ಪಟ್ಟಿ ಮಾಡಿ ಒಂದ್ ಕಾಪಿ ಮನ್ಯಾಗ ಇಡತೀವ್ರೀ. ನಮ್ಮಪ್ಪನ ಕಾಲದಾಗೂ ಕಿರ್ದಿ ಎರಡ ಬರೀತಿದ್ರು," ಎಂದರು. ಪುಕ್ಕಟೆ ಡಾಟಾಬೇಸಿದ್ದ ಕಡೆ ಲೆಕ್ಕ ಹೋಯಿತು. ದುಡ್ಡು ಕೊಟ್ಟು ಕೊಂಡಿದ್ದ ಕಡೆ ಉಳಿಯಿತು. ಉಳಿಸಿದ್ದು ಪರವಾನಗಿಯಲ್ಲ, ಆ ಎರಡನೆಯ ಪ್ರತಿ.

ಈ ನಗರದಲ್ಲೇ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆಗಳ ಅಟ್ಟದ ಮೇಲಿದ್ದ ತಾಡೋಲೆಗಳನ್ನು ಹುಡುಕಿ, ಪ್ರತಿ ಮಾಡಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿ ವಚನಗಳನ್ನು ಅಚ್ಚು ಹಾಕಿದರು. ಒಂದೇ ಮನೆಯಲ್ಲಿ ಒಂದೇ ಪ್ರತಿಯಾಗಿ ಉಳಿದದ್ದು ಗೆದ್ದಲಿನ ಪಾಲು, ಹಲವು ಕೈಗೆ ಹೋದದ್ದು ಉಳಿಯುತ್ತದೆ ಎಂಬುದನ್ನು ಅವರು ಅರಿತಿದ್ದರು. ವಿಜಯಪುರದ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ದುಡಿದ ಅವರನ್ನು ಸಹಕಾರಿಗಳು ಈ ಪ್ರಸಂಗದಲ್ಲಿ ನೆನೆಯುವುದು ಉಚಿತ.

ನಮ್ಮ ಹಲವು ಸಂಘಗಳಲ್ಲಿ ಬಳಕೆಯಲ್ಲಿರುವ, ಬೆಂಗಳೂರಿನ ಕಂಪನಿಯದೇ ಆದ ಟ್ಯಾಲಿ ತನ್ನದೇ ಬಗೆಯ ಕಡತದಲ್ಲಿ ಲೆಕ್ಕ ಇಡುತ್ತದೆ. ಅದರಿಂದ ಪಟ್ಟಿಗಳನ್ನು ಎಕ್ಸೆಲ್ ಮೊದಲಾದ ರೂಪಕ್ಕೆ ಹೊರತೆಗೆಯುವ ಸೌಲಭ್ಯವಿದೆ. ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಬಿಡುವ ಅಗತ್ಯವಿಲ್ಲ. ಹೊರತೆಗೆಯುವ ಅಭ್ಯಾಸ ಮಾಡಿಕೊಂಡರೆ ಸಾಕು.

ಪ್ರತಿ ತೆಗೆದರೆ ಮುಗಿಯಿತೆಂದೂ ಅಲ್ಲ. ಗಿಟ್‌ಲ್ಯಾಬ್ ಎಂಬ ನುರಿತ ತಂತ್ರಜ್ಞರ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ನೌಕರರು ದಣಿದ ವೇಳೆಯಲ್ಲಿ ತಪ್ಪಾದ ಯಂತ್ರದ ಡಾಟಾಬೇಸನ್ನು ಅಳಿಸಿಬಿಟ್ಟರು. ಪ್ರತಿ ತೆಗೆಯಲು ಹಲವು ವ್ಯವಸ್ಥೆಗಳಿದ್ದವು; ಬೇಕಾದಾಗ ನೋಡಿದರೆ ಬಹುತೇಕ ಯಾವುದೂ ಕೆಲಸ ಮಾಡಿರಲಿಲ್ಲ. ಸುಮಾರು 6 ಗಂಟೆಯ ಲೆಕ್ಕ ಹೋಯಿತು. ಅವರ ಡಾಟಾಬೇಸು ಪೋಸ್ಟ್‌ಗ್ರೆಸ್, ದೋಷ ಡಾಟಾಬೇಸಿನದಲ್ಲ. ಪ್ರತಿಯಿಂದ ಲೆಕ್ಕವನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿ ನೋಡುವವರೆಗೆ ಅದನ್ನು ಪ್ರತಿ ಎನ್ನಬಾರದು.

ಕಾಫಿ ಬೆಳೆಗಾರರಿಗೆ ಒಂದು ಮಾತು

ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಐರೋಪ್ಯ ದೇಶಗಳು ಅದರ ದೊಡ್ಡ ಗಿರಾಕಿಗಳು. ಅರಣ್ಯ ಕಡಿದ ನೆಲದ ಕಾಫಿ ಬೇಡವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿದೆ. ಅದರ ಜಾರಿಯ ದಿನವನ್ನು ಮುಂದೂಡಲಾಗಿದ್ದರೂ ನಿಯಮ ಉಳಿದಿದೆ. ಅದರಂತೆ ಕಾಫಿ ಬೆಳೆದ ತಾಕಿನ ಭೂಸ್ಥಾನವನ್ನು ಕೊಡಬೇಕು; 4 ಹೆಕ್ಟೇರಿಗೆ ಮೇಲ್ಪಟ್ಟ ತಾಕಾದರೆ ಎಲ್ಲೆಯ ನಕ್ಷೆಯನ್ನೇ ಕೊಡಬೇಕು. ಅಂದರೆ ಯಾವ ಮೂಟೆ ಯಾವ ತಾಕಿನದೆಂದು ಹೇಳಬಲ್ಲ ಲೆಕ್ಕ ಬೇಕು. ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಪೋಸ್ಟ್‌ಜಿಐಎಸ್ ಎಂಬ ಮುಕ್ತ ತಂತ್ರಾಂಶ ಇಂತಹ ನಕ್ಷೆಗಳನ್ನು ಇಡಲು, ಒಂದರ ಮೇಲೊಂದು ಬಿದ್ದಿವೆಯೇ ಎಂದು ಪರೀಕ್ಷಿಸಲು ಹೆಸರುವಾಸಿ. ಒರೇಕಲ್, ಎಸ್‌ಕ್ಯೂಎಲ್ ಸರ್ವರುಗಳಲ್ಲೂ ಈ ಶಕ್ತಿಯಿದೆ. ಈಗ ಕೊಳ್ಳುವ ವ್ಯವಸ್ಥೆಯಲ್ಲಿ ಇದಕ್ಕೆ ಜಾಗ ಬಿಟ್ಟಿರುವುದು ಜಾಣತನ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಯಂತ್ರವಿರುವ ಸಣ್ಣ ಅಂಗಡಿಗೆ ಅಥವಾ ತೋಟದ ಲೆಕ್ಕಕ್ಕೆ ಟ್ಯಾಲಿಯಂತಹ ಸಿದ್ಧ ತಂತ್ರಾಂಶ ಸಾಕು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಿ ಕೇಂದ್ರ ಸರ್ಕಾರವು 2022ರ ಜೂನ್‌ನಲ್ಲಿ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿದೆ. ಅದರಡಿ ಬರುವ ಸಂಘಗಳು ಸಮಾನ ತಂತ್ರಾಂಶವನ್ನೇ ಬಳಸುತ್ತವೆ. ಸ್ವಂತ ಆಯ್ಕೆಯುಳ್ಳ, ಹತ್ತಾರು ಯಂತ್ರಗಳ ನಮ್ಮಂತಹ ಮಾರಾಟ ಸಂಘಕ್ಕೆ ಪೋಸ್ಟ್‌ಗ್ರೆಸ್ ಅಥವಾ ಮರಿಯಾಡಿಬಿ ಮೇಲೆ ಕಟ್ಟಿದ ವ್ಯವಸ್ಥೆ, ಜೊತೆಗೆ ಹಣ ಕೊಟ್ಟು ಮಾಡಿಕೊಂಡ ನಿರ್ವಹಣೆಯ ಕರಾರು ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಆದರೆ ಕರಾರು ಸರಿಯಿಲ್ಲದಿದ್ದರೆ ಮುಕ್ತ ಡಾಟಾಬೇಸಿಗಿಂತ ಸರಿಯಾದ ಕರಾರಿನ ವಾಣಿಜ್ಯ ತಂತ್ರಾಂಶವೇ ಮೇಲು.

ಆದುದರಿಂದ ಮಹಾಸಭೆಯಲ್ಲಿ ಈ ವಿಷಯ ಬಂದಾಗ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿ:

1. ಲೆಕ್ಕದ ಮಾಹಿತಿ ಸಂಘದ ಸ್ವತ್ತು ಎಂದು ಕರಾರಿನಲ್ಲಿ ಬರೆದಿದೆಯೇ?

2. ಡಾಟಾಬೇಸಿನ ಗುಪ್ತಪದ ಮುಚ್ಚಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿದೆಯೇ?

3. ಯಾವ ಕೋಷ್ಟಕದಲ್ಲಿ ಏನಿದೆ ಎಂಬ ವಿವರ ಪುಸ್ತಕವನ್ನು ಕೊಟ್ಟಿದ್ದಾರೆಯೇ?

4. ಸದಸ್ಯರ ಬಾಕಿ ಮತ್ತು ದಾಸ್ತಾನಿನ ಪಟ್ಟಿಯನ್ನು ತಿಂಗಳಿಗೊಮ್ಮೆ ಯಾರು ಬೇಕಾದರೂ ಓದಬಲ್ಲ ಸಾದಾ ಕಡತವಾಗಿ ತೆಗೆಯಲಾಗುತ್ತಿದೆಯೇ?

5. ಪ್ರತಿಗಳಲ್ಲಿ ಒಂದಾದರೂ ಕಚೇರಿಯ ಹೊರಗೆ ಇದೆಯೇ? ಅದರಿಂದ ಲೆಕ್ಕವನ್ನು ಎಬ್ಬಿಸಿ ನೋಡಿದ ಕಡೆಯ ದಿನಾಂಕ ಯಾವುದು?

6. ಈಗ ನೋಡಿಕೊಳ್ಳುವವರು ನಾಳೆ ಬಾರದಿದ್ದರೆ ಬರುವ ಎರಡನೆಯವರು ಯಾರು?

ಕೊನೆಯದಾಗಿ ಒಂದು ಸಲಹೆ ಸದಸ್ಯರಿಗೇ. ಸಂಘ ಎಂತಹ ಯಂತ್ರವನ್ನೇ ತಂದರೂ ಮಾಲು ಒಪ್ಪಿಸಿದ ರಸೀದಿಯನ್ನು ಜೋಪಾನವಾಗಿಡಿ. ತಿಕೋಟಾ ಭಾಗದಲ್ಲಿ ಕೊನೆಗೆ ಲೆಕ್ಕ ಕಟ್ಟಿಕೊಟ್ಟದ್ದು ಬೆಳೆಗಾರರ ಮನೆಯ ಪೆಟ್ಟಿಗೆಯಲ್ಲಿದ್ದ ಆ ಕಾಗದದ ಚೂರುಗಳೇ.